ಗುರುವಾರದ ಗುಂಡಿಗಳು

ಮುಖ ತೋರಿಸಬಾರದು, ದನಿ ಬದಲಾಯಿಸಬೇಕು. ಈ ಎರಡು ಕರಾರಿಗೆ ಸಾಕ್ಷ್ಯಚಿತ್ರದ ಕ್ಯಾಮೆರಾದವಳು ಒಪ್ಪಿದ ಮೇಲೇ ಸೊಸೆ ಹೊಲಿಗೆ ಕೆಲಸ ಹಿಡಿದು ಕೂತು ಬಾಯಿಬಿಟ್ಟದ್ದು. ಮನಸ್ಸಿಗೆ ಕತ್ತಲು ಕವಿದ ಎರಡು ವರ್ಷ, ಸೊಂಟನೋವೆಂದು ಸುಳ್ಳು ಹೇಳಿ ಮಲಗಿದ ಬೆಳಗುಗಳು, ಮನೋವೈದ್ಯರ ಗುಳಿಗೆ, ಎಲ್ಲ ಹೇಳಿದಳು. ಅತ್ತೆಗೆ ತಿಳಿಯಬಾರದು, ಅಷ್ಟೇ. ಗುಂಡಿ ಹೊಲಿಯಲೂ ಬಾರದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದರ್ಜಿ ಮಾಡಿದ ಅತ್ತೆ. ಅವರ ಬಾಯಲ್ಲಿ 'ಹುಚ್ಚು' ಅನ್ನುವ ಮಾತು ಬಂದರೆ ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ತಮ್ಮ ಮನಸ್ಸಿನ ಕಾಯಿಲೆ ಹೇಳಿಕೊಂಡ ಆರು ಜನ, ಆರು ಭಾಷೆಯ ಚಿತ್ರ. ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಪ್ರದರ್ಶನ. ಗಿರಾಕಿಯೊಬ್ಬರಿಂದ ಸುದ್ದಿ ತಿಳಿದದ್ದೇ, ಸಿನಿಮಾ ಅಂದರೆ ಊಟ ಬಿಟ್ಟು ಓಡುವ ಅತ್ತೆ "ನಡಿಯೇ, ಬಿಟ್ಟಿ ತೋರಿಸ್ತಾರಂತೆ" ಅಂತ ಹೊರಟೇಬಿಟ್ಟರು. ಮುಖವಿಲ್ಲ, ದನಿಯೂ ಬೇರೆ ಅನ್ನುವ ಧೈರ್ಯದಲ್ಲಿ ಸೊಸೆಯೂ ಹಿಂದೆ ಹೋದಳು.

ಅತ್ತೆಗೆ ಓದು ಬಾರದು. ಪರದೆಯ ಕೆಳಗೆ ನಮ್ಮ ಭಾಷೆಯಲ್ಲಿ ಮೂಡುವ ಸಾಲುಗಳನ್ನು ಸೊಸೆಯೇ ಅವರ ಕಿವಿಯಲ್ಲಿ ಓದಬೇಕಾಯಿತು. ಬಸ್ ಚಾಲಕನೊಬ್ಬ ತನ್ನ ಭಾಷೆಯಲ್ಲಿ ಅತ್ತ. ಅತ್ತೆಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಪಾಪ, ಯಾರ ಮಗನೋ" ಅಂದರು.

ಆರನೆಯದಕ್ಕೆ ಓದುವ ಕೆಲಸವಿರಲಿಲ್ಲ. ನಮ್ಮದೇ ಮಾತು, ಗಂಡಸಿನಂತೆ ದಪ್ಪಗಾದ ದನಿ, ಪರದೆ ತುಂಬ ಗುಂಡಿ ಹೊಲಿಯುವ ಎರಡು ಕೈ. ಮುಖ, ದನಿ ಎರಡನ್ನೂ ಮರೆಸಿದ ಜಾಣೆಯರು ಕೈಯನ್ನು ಮರೆತೇಬಿಟ್ಟಿದ್ದರು. ಅತ್ತೆ ಎಡಚಿ. ಅವರನ್ನು ನೋಡಿ ಕಲಿತ ಸೊಸೆ ಬೇರೆಲ್ಲ ಬಲಗೈಯಲ್ಲಿ ಮಾಡಿದರೂ ಕೊನೆಯ ಗಂಟು ಮಾತ್ರ ಎಡಗೈಯಲ್ಲೇ ಹಾಕುತ್ತಾಳೆ. ಪರದೆಯ ಕೈಯೂ ಹಾಗೇ ಹಾಕಿತು.

ಸೊಸೆ ಎಡಗೈಯನ್ನು ಸೆರಗಿನಡಿ ಸರಿಸಿದಳು. ಅತ್ತೆ ಪರದೆ ನೋಡಿದರು, ಪಕ್ಕದಲ್ಲಿ ಅಡಗುತ್ತಿದ್ದ ಕೈ ನೋಡಿದರು, ಹಿಡಿದುಕೊಂಡರು. ಚಿತ್ರ ಮುಗಿದರೂ ಬಿಡಲಿಲ್ಲ.

ಮೆಟ್ಟಿಲಿಳಿಯುವಾಗ ಕೇಳಿದರು: "ಗುಂಡಿ ತರ್ತೀನಿ ಅಂತ ಪ್ರತಿ ಗುರುವಾರ ಹೋಗ್ತಿದ್ಯಲ್ಲ, ಒಂದಾದ್ರೂ ತಂದಿದ್ದೀಯೇನೇ?"

"ಡಬ್ಬಿ ಯಾವತ್ತೂ ಖಾಲಿ ಇರ್ಲಿಲ್ವಲ್ಲ ಅತ್ತೆ..."

"ತಾನಾಗೇ ತುಂಬ್ಕೊಳ್ತಿತ್ತು ಅಂದ್ಕೊಂಡ್ಯಾ? ನಾನೇ ತರಿಸಿ ಹಾಕ್ತಿದ್ದೆ. ಎಲ್ಲಿಗೆ ಹೋಗ್ತಿದ್ಯೋ ಗೊತ್ತಿರ್ಲಿಲ್ಲ. ಬರುವಾಗ ಮುಖ ಸ್ವಲ್ಪ ತಿಳಿಯಾಗಿರ್ತಿತ್ತು. ಕೇಳಿದ್ರೆ ಹೋಗೋದನ್ನೇ ಬಿಟ್ಟುಬಿಡ್ತೀಯೇನೋ ಅಂತ ಹೆದರಿ ಸುಮ್ಮನಿದ್ದೆ ಕಣೇ."

ಸೊಸೆ ಮೆಟ್ಟಿಲ ಮೇಲೇ ಕುಸಿದು ಕೂತು ಮನಸಾರೆ ಅತ್ತಳು. ಇಂಥವರಿಗೆ ಹೆದರಿದೆನಲ್ಲ ಅಂತ ನಾಚಿಕೆಯಾಯಿತು. ಇಂಥವರು ಸಿಕ್ಕರಲ್ಲ ಅಂತ ಹೃದಯ ತುಂಬಿ ಬಂತು.

"ಏಳು ಏಳು" ಅಂದರು ಅತ್ತೆ. "ಈ ಗುರುವಾರ ನಾನೂ ಬರ್ತೀನಿ, ಆ ಡಾಕ್ಟರಿಗೆ ಕೈ ಮುಗೀಬೇಕು. ವಾಪಸ್ ಬರ್ತಾ ನಿಜವಾಗ್ಲೂ ಗುಂಡಿ ತರೋಣ. ಬಿಳೀದು ಮುಗಿದಿದೆ."