ನಿಂಬೆಹಣ್ಣಿಗೆ ಹೆದರಿದ ಖಡ್ಗ

ನಾನು ಒಂದು ಖಡ್ಗ. ನನಗೆ ಮುನ್ನೂರು ವರ್ಷವೆಂದು ಊರು ಹೇಳುತ್ತದೆ. ಯಾವನೋ ಪಾಳೆಯಗಾರನ ಸೊಂಟದಲ್ಲಿ ಇದ್ದೆನಂತೆ. ನಿಜವಾಗಿ ನಾನಿದ್ದದ್ದು ಲಾರಿಯೊಂದರ ಹೊಟ್ಟೆಯ ಕೆಳಗೆ, ಕಮಾನುಪಟ್ಟಿಯಾಗಿ. ಹನ್ನೊಂದು ವರ್ಷ ಮೆಣಸಿನಕಾಯಿ ಚೀಲಗಳ ಭಾರ ಹೊತ್ತು, ತಗ್ಗುದಿಣ್ಣೆಗಳಲ್ಲಿ ಕುಲುಕಾಡಿ, ಒಂದು ದಿನ ಪಟ್ಟನೆ ಮುರಿದೆ. ಆ ಕುಲುಕಾಟ ಮಾತ್ರ ಇನ್ನೂ ನನ್ನೊಳಗೆ ನಿಂತಿಲ್ಲ. ಗೋಡೆಗೆ ನೇತುಹಾಕಿದರೂ, ಗದ್ದುಗೆಯ ಮೇಲೆ ಮಲಗಿಸಿದರೂ ನನಗೆ ಚಡಪಡಿಕೆ ತಪ್ಪಿದ್ದಲ್ಲ.

ಬ್ಯಾಡಗಿಯ ಹಾದಿಯಲ್ಲಿದ್ದ ಮೌನೇಶಪ್ಪನ ಕುಲುಮೆಯ ಹಿಂದೆ ಬಿದ್ದಿದ್ದಾಗ ಪುರವಂತ ಅಡಿವೆಪ್ಪ ಬಂದ. ಪುರವಂತನೆಂದರೆ ವೀರಭದ್ರನ ಸೇವೆಯವನು. ನಮ್ಮ ಕಡೆ ಮದುವೆಮನೆಯಲ್ಲಿ ಗುಗ್ಗಳದ ಮೆರವಣಿಗೆ ಹೊರಡುವಾಗ ಖಡ್ಗ ಹಿಡಿದು ಕುಣಿಯುತ್ತ, ದೇವರ ಪ್ರತಾಪವನ್ನು ಗಂಟಲು ಬಿರಿಯುವಂತೆ ಒಡಪಿನಲ್ಲಿ ಹೇಳುವವನು. ಅಡಿವೆಪ್ಪನ ಮನೆತನದ ಖಡ್ಗ ತುಕ್ಕು ತಿಂದು ಗರಗಸದಂತಾಗಿತ್ತು.

“ಹಿಡಿ ಮಾತ್ರ ಹಳೇದನ್ನೇ ಕೂಡಿಸು. ಮಂದಿಗೆ ಗೊತ್ತಾಗಬಾರದು ನೋಡಪಾ,” ಎಂದ ಅಡಿವೆಪ್ಪ ದನಿ ಇಳಿಸಿ.

ಹೀಗೆ ಹಳೆಯ ಹಿಡಿಯೂ ಅದರ ಮುನ್ನೂರು ವರ್ಷವೂ ನನಗೆ ಒಟ್ಟಿಗೇ ಬಂದವು. ಬೆಂಕಿ, ಸುತ್ತಿಗೆ, ನೀರು ಎಲ್ಲ ಮುಗಿದ ಮೇಲೆ ಮೌನೇಶಪ್ಪ ನನ್ನನ್ನು ಬಿಸಿಲಿಗೆ ಹಿಡಿದು ಹೇಳಿದ: “ಪುರವಂತ್ರ, ಪೂಜಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಪೂಜಿ ಮುಗದ ಕೂಡ್ಲೆ ಒರಸ್ರಿ. ಕಬ್ಬಿಣಕ್ಕ ಭಕ್ತಿ ತಿಳಿಯಂಗಿಲ್ಲ, ಹಸಿ ತಿಳೀತೈತಿ.”

ಅಡಿವೆಪ್ಪ ತಲೆಯಾಡಿಸಿದ. ಮನೆ ಮುಟ್ಟುವಷ್ಟರಲ್ಲಿ ಮರೆತ. ಮೊದಲ ಮಹಾನವಮಿಗೇ ನನಗೆ ನೀರಲ್ಲಿ ಕಲಸಿದ ಕುಂಕುಮ ಬಳಿದು, ತುದಿಗೆ ನಿಂಬೆಹಣ್ಣು ಚುಚ್ಚಿ ನಿಲ್ಲಿಸಿದರು. ಅದರ ರಸ ಮೈಮೇಲೆ ಇಳಿಯತೊಡಗಿತು. ಮನುಷ್ಯರಿಗೆ ಅದು ಮಂಗಳ. ನನಗೆ ಅದು ಉರಿ. ಎದುರಿಗೆ ಕೈಮುಗಿದು ನಿಂತವರನ್ನು ಬೇಡವೆನ್ನುವುದು ಹೇಗೆ? ಅದೂ ಬಾಯಿಲ್ಲದವನು?

ನನ್ನನ್ನು ಉಳಿಸಿದವಳು ಅಡಿವೆಪ್ಪನ ಹೆಂಡತಿ ಫಕೀರವ್ವ. ಆಕೆ ಹೊಲಿಗೆಯವಳು. ಪಡಸಾಲೆಯ ಕಿಟಕಿಯ ಬಳಿ ಅವಳ ಹೊಲಿಗೆ ಮಷಿನ್ ಇತ್ತು. ಕಬ್ಬಿಣದ ಜಾತಿಯೆಲ್ಲ ಒಂದೇ ಎಂಬುದನ್ನು ಆಕೆ ಸೂಜಿಯಿಂದಲೇ ಕಲಿತಿದ್ದಳು. ಪೂಜೆಯ ಮರುದಿನ ಗಂಡ ಸಂತೆಗೆ ಹೋದದ್ದೇ ತಡ, ದೇವರ ಕೋಣೆಗೆ ಬಂದು ನಿಂಬೆಹಣ್ಣು ಕಿತ್ತಳು. ಒದ್ದೆಬಟ್ಟೆಯಲ್ಲಿ ಒರಸಿದಳು, ಒಣಬಟ್ಟೆಯಲ್ಲಿ ತಿಕ್ಕಿದಳು, ಬಿಸಿಲಿಗೆ ಹಿಡಿದಳು. ಕೊನೆಗೆ ಮಷಿನ್ ಎಣ್ಣೆಯ ನಾಲ್ಕು ಹನಿ ಹಾಕಿ ತುದಿಯಿಂದ ಹಿಡಿಯವರೆಗೆ ಸವರಿದಳು. ಅಡುಗೆ ಎಣ್ಣೆ ಹಚ್ಚಿದರೆ ಆರೇ ತಿಂಗಳಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ನಿಂಬೆಹಣ್ಣನ್ನು ಉಪ್ಪಿನಕಾಯಿಗೆ ಹಾಕಿದಳು.

ಅಂದಿನಿಂದ ಮೂವತ್ತು ವರ್ಷ, ಸೋಮವಾರಕ್ಕೊಮ್ಮೆ ಇದು ನಡೆಯಿತು. ದೇವರ ಖಡ್ಗದಿಂದ ಹೊಲಿಗೆ ಅಂಗಡಿಯ ವಾಸನೆ ಬರುವುದು ಅಡಿವೆಪ್ಪನಿಗೆ ತಿಳಿಯದೆ ಇರಲಿಲ್ಲ. ಆದರೆ ಅವನು ಸೋಮವಾರ ಬೆಳಗ್ಗೆ ತಪ್ಪದೆ ಎಲ್ಲಿಗಾದರೂ ಹೊರಟುಬಿಡುತ್ತಿದ್ದ. ಅವರಿಬ್ಬರ ಸಂಸಾರದಲ್ಲಿ ನಾನು ಕಂಡ ದೊಡ್ಡ ಪ್ರೀತಿ ಅದು.

ಗುಗ್ಗಳದ ದಿನ ಜನ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬೆವರಿದ ಬೆರಳು ತಗಲಿದ ಜಾಗ ಒರಸದೆ ಬಿಟ್ಟರೆ ಕೆಲವೇ ದಿನಕ್ಕೆ ಆ ಬೆರಳಿನ ಗೆರೆಗಳೇ ತುಕ್ಕಾಗಿ ಮೂಡುತ್ತವೆ. ಊರಿನ ಬೆರಳುಗಳನ್ನೆಲ್ಲ ಬಲ್ಲವನು ನಾನು. ಫಕೀರವ್ವ ವಾರವಾರ ಊರನ್ನೇ ಒರಸಿಹಾಕುತ್ತಿದ್ದಳು.

ಒಂದು ಭಾದ್ರಪದದಲ್ಲಿ ಅಡಿವೆಪ್ಪ ಹಾಸಿಗೆ ಹಿಡಿದ. ಕೊನೆಯ ದಿನ ನನ್ನನ್ನು ತರಿಸಿಕೊಂಡು, ಹಿಡಿಯ ಕೆಳಗೆ ಅಲಗಿನ ಮೇಲೆ ಹೆಬ್ಬೆರಳು ಊರಿ ಬಹಳ ಹೊತ್ತು ಹಾಗೇ ಇದ್ದ. ಜ್ವರದ ಬೆರಳು, ತೊಪ್ಪೆಯಾಗಿತ್ತು. ಆ ಗುರುತನ್ನು ಒರಸುವವರು ಯಾರೂ ಇರಲಿಲ್ಲ. ಯಾಕೆಂದರೆ ಮರುದಿನದಿಂದ ಫಕೀರವ್ವ ನನ್ನನ್ನು ಮುಟ್ಟಬಾರದೆಂದು ಹಿರಿಯರು ಹೇಳಿದರು. ಗಂಡ ಸತ್ತವಳ ಕೈ ದೇವರ ಖಡ್ಗಕ್ಕೆ ಆಗದಂತೆ. ಶಿವಭಕ್ತರಿಗೆ ಸೂತಕವೆಂಬುದೇ ಇಲ್ಲ ಎಂದು ನನ್ನನ್ನೇ ಎತ್ತಿ ಹಿಡಿದು ಅಡಿವೆಪ್ಪ ಸಾರಿದ ಒಡಪಿಗೆ ತಲೆದೂಗಿದ್ದವರೂ ಅವರೇ.

ಹಿರಿಯರು ಇನ್ನೊಂದು ಮಾತನ್ನೂ ಇಟ್ಟರು. ಅಡಿವೆಪ್ಪನ ಮಗ ಸೋಮಲಿಂಗ ಮೆತ್ತಗಿನ ಹುಡುಗ. ಅವನ ಚಿಕ್ಕಪ್ಪನ ಮಗ ಕೊಟ್ರಪ್ಪನ ಗಂಟಲು ಮೂರು ಓಣಿಗೆ ಕೇಳುವಂಥದ್ದು. ಪುರವಂತಿಕೆ ಯಾರಿಗೆ? ನಮ್ಮೂರಿನ ರೂಢಿಯಂತೆ ಮದುವೆಮನೆಯ ಹೊಸ್ತಿಲ ಮುಂದೆ ಖಡ್ಗವನ್ನು ಒರೆಯಿಂದ ಎಳೆಯಬೇಕು. ಮುಂದಿನ ಗುಗ್ಗಳದಲ್ಲಿ ಸೋಮಲಿಂಗನ ಕೈಗೆ ಅದು ಬಂದರೆ ದೇವರು ಒಪ್ಪಿದ ಹಾಗೆ. ಬಾರದಿದ್ದರೆ ಸೇವೆ ಕೊಟ್ರಪ್ಪನ ಮನೆಗೆ. ಖಡ್ಗ ಬಾರದೆ ಇರುತ್ತದೆಂದು ಯಾರೂ ಎಣಿಸಿರಲಿಲ್ಲ.

ಸೋಮಲಿಂಗ ಅಪ್ಪನ ಮೇಲಿನ ಪ್ರೀತಿಗೆ ಹುಬ್ಬಳ್ಳಿಯಿಂದ ಹೊಸ ಒರೆ ಮಾಡಿಸಿ ತಂದ. ಹೊರಗೆ ಕೆಂಪು ಮಖಮಲ್ಲು, ಒಳಗೆ ತೊಗಲು. ನೋಡಿದವರೆಲ್ಲ ಬಾಯಿಬಾಯಿ ಬಿಟ್ಟರು. ಮಹಾನವಮಿಗೆ ಒಂದಲ್ಲ, ಐದು ನಿಂಬೆಹಣ್ಣು. ಮೂರು ದಿನದ ಮೇಲೆ, ನಿಂಬೆರಸಕ್ಕೆ ಕುಂಕುಮ ಇನ್ನೂ ಹಸಿಯಾಗಿದ್ದ ಹಾಗೇ, ಅಳಿಸಿದರೆ ಅಪಚಾರವೆಂದು, ನನ್ನನ್ನು ಆ ಒರೆಗೆ ತುರುಕಿದ.

ಒಳಗಿನ ಕತ್ತಲೆಯನ್ನು ಏನೆಂದು ಹೇಳಲಿ? ತೊಗಲು ತೇವವನ್ನು ಕುಡಿದು ನನಗೇ ಉಣಿಸುತ್ತಿತ್ತು. ಹೊರಗೆ ಕಾರ್ತಿಕ ಬಂತು, ಚಳಿ ಬಂತು, ಬಿಸಿಲು ಬಂತು. ನನಗೆ ಮಾತ್ರ ಮಳೆಗಾಲ ಮುಗಿಯಲಿಲ್ಲ. ಮೈಯೆಲ್ಲ ಕಡಿತ. ಕೆರೆದುಕೊಳ್ಳಲು ಆಗದು, ಕೂಗಲು ಆಗದು. ದಿನಕ್ಕಿಷ್ಟು ಉಬ್ಬಿ, ಪುಡಿಯಾಗಿ, ತೊಗಲಿಗೆ ಅಂಟುತ್ತ ಹೋದೆ. ನಾನು ಹೊರಗೆ ಬರದಿದ್ದರೆ ಈ ಹುಡುಗನ ಗತಿಯೇನು ಎಂಬುದೊಂದೇ ಯೋಚನೆ.

ಸೋಮವಾರಗಳಲ್ಲಿ ದೇವರ ಕೋಣೆಯ ಹೊಸ್ತಿಲಲ್ಲಿ ಫಕೀರವ್ವನ ಹೆಜ್ಜೆಗಳು ನಿಲ್ಲುತ್ತಿದ್ದವು.

“ತಮ್ಮಾ, ಒಂದ್ಸಲ ತಗದು ಒರಸೋ.”

“ಗುಗ್ಗಳ ಇಲ್ಲದ ಒರಿ ಬಿಚ್ಚಬಾರ್ದಂತ ಹಿರ್ಯಾರು ಹೇಳ್ಯಾರ ಯವ್ವಾ.”

“ಮೂವತ್ತು ವರ್ಷ ಬಿಚ್ಚೀನಿ ನಾನು. ಯಾವ ಹಿರ್ಯಾ ಬಂದು ಕೇಳ್ಯಾನ?”

“ಅವ್ರಿಗೆ ಗೊತ್ತಿರಲಿಲ್ಲಲ್ಲ.”

“ಅವ್ರಿಗೆ ಗೊತ್ತಿಲ್ಲದ್ದಕ್ಕ ಖಡ್ಗ ಉಳದಿತ್ತು,” ಎಂದು ಆಕೆ ಮಷಿನ್ ಕಡೆ ಹೋದಳು.

ವೈಶಾಖದಲ್ಲಿ ಮೆಣಸಿನಕಾಯಿ ದಲಾಲರ ಮನೆಯ ಮದುವೆ ಬಂತು. ಹಿಂದಿನ ದಿನ ಸೋಮಲಿಂಗ ನನ್ನನ್ನು ಒರೆಸಮೇತ ಹೊತ್ತು ಪಡಸಾಲೆಗೆ ಬಂದ. ನೆಟ್ಟಗಿರುವ ಖಡ್ಗ ನಡಿಗೆಗೆ ಒರೆಯಲ್ಲಿ ಸಣ್ಣಗೆ ಕಟಕಟ ಅನ್ನಬೇಕು. ನಾನು ಅನ್ನಲಿಲ್ಲ. ಮಷಿನ್ ತುಳಿಯುತ್ತಿದ್ದ ಫಕೀರವ್ವನ ಕಾಲು ನಿಂತಿತು. ಆಕೆ ಎಣ್ಣೆಯ ಪುಟ್ಟ ಡಬ್ಬಿಯನ್ನು ಎತ್ತಿ ಅಲುಗಿಸಿ ನೋಡಿ, ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.

ಮರುದಿನ ದಲಾಲರ ಬಾಗಿಲಲ್ಲಿ ಸಮಾಳ ಬಾರಿಸಿದರು. ಸೋಮಲಿಂಗ “ಅಹಹಾ ರುದ್ರಾ! ಅಹಹಾ ದೇವಾ!” ಎಂದು ಕುಣಿದು ಬಂದು, ಹಿಡಿಗೆ ಕೈಹಾಕಿ ಎಳೆದ. ಬರಲಿಲ್ಲ. ಮತ್ತೆ ಎಳೆದ. ನಾನು ಒಳಗೆ ಹಲ್ಲು ಕಚ್ಚಿ ಒದ್ದಾಡಿದೆ. ಒಂದು ಕೂದಲೆಳೆ ಸರಿಯಲಿಲ್ಲ. ಮೂರನೆಯ ಸಲ ಒರೆಯನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಎಳೆದಾಗ ಸಮಾಳ ನಿಂತುಹೋಯಿತು.

“ನಾ ಏನೂ ಅನ್ನಂಗಿಲ್ಲ,” ಎಂದ ಕೊಟ್ರಪ್ಪ, ಮೂರು ಓಣಿಗೆ ಕೇಳುವಂತೆ. “ದೇವರೇ ಒಲ್ಲೆ ಅಂದಾನ. ಕೊಡಪಾ ಇಲ್ಲಿ.”

ಹೆಂಗಸರ ಗುಂಪಿನಿಂದ ಫಕೀರವ್ವ ಹೊರಬಂದಳು. ಬೀಗದಕೈ ಗೊಂಚಲಿಗೆ ಕಟ್ಟಿದ ಪುಟ್ಟ ಕತ್ತರಿ ಅವಳ ಕೈಯಲ್ಲಿತ್ತು. ಯಾರಾದರೂ ಏನಾದರೂ ಅನ್ನುವ ಮೊದಲೇ ಒರೆಯ ಹೊಲಿಗೆಗೆ ಕತ್ತರಿ ಹಾಕಿ, ತುದಿಯವರೆಗೆ ಚರಚರ ಬಿಚ್ಚಿದಳು. ಮಖಮಲ್ಲು ಬಾಳೆಹಣ್ಣಿನ ಸಿಪ್ಪೆಯಂತೆ ಜೋತುಬಿತ್ತು. ಏಳು ತಿಂಗಳ ಮೇಲೆ ನನಗೆ ಗಾಳಿ ತಾಗಿತು. ಜನ ನನ್ನನ್ನು ನೋಡಿ “ಅಯ್ಯೋ” ಎಂದರು. ನಾನು ಇಟ್ಟಂಗಿಯ ಬಣ್ಣವಾಗಿದ್ದೆ.

“ದೊಡ್ಡವ್ವಾ, ನೀ ಮುಟ್ಟಬಾರದು!”

“ಕೊಟ್ರಪ್ಪಾ, ದೇವರು ಒಲ್ಲೆ ಅಂದಿಲ್ಲ. ನೀವು ಒರಸಿಲ್ಲ.” ಆಕೆ ನನ್ನನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಬೀದಿಯಲ್ಲೇ ಕುಳಿತಳು. “ಸೋಮೂ, ಇಬತ್ತಿ ಗಟ್ಟಿ ಕೊಡು.”

ಮಗ ತನ್ನ ವಿಭೂತಿ ಇಡುವ ಕರಡಿಗೆಯಿಂದ ಒಂದು ಉಂಡೆ ತೆಗೆದು ಕೊಟ್ಟ. ಫಕೀರವ್ವ ಅದನ್ನು ಪುಡಿಮಾಡಿ, ಮಷಿನ್ ಎಣ್ಣೆಯಲ್ಲಿ ಕಲಸಿ, ಒರೆಯ ತೊಗಲಿನ ಚೂರಿನಿಂದಲೇ ತಿಕ್ಕತೊಡಗಿದಳು. ವಿಭೂತಿಯೆಂದರೆ ನುಣುಪಾದ ಬೂದಿ. ತುಕ್ಕಿಗೆ ಅದಕ್ಕಿಂತ ಒಳ್ಳೆಯ ಮದ್ದು ಆ ಬೀದಿಯಲ್ಲಿ ಬೇರೆ ಇರಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಖಡ್ಗಕ್ಕೆ ವಿಭೂತಿ ಹಚ್ಚಬೇಡವೆಂದು ಹೇಳುವ ಗಂಡಸು ಅಲ್ಲಿ ಯಾರಿದ್ದ? ದಲಾಲರು ಗಡಿಯಾರ ನೋಡಿಕೊಂಡರು. ಭಟ್ಟಿಯ ಮೇಲಿನ ಅನ್ನ ತಳ ಹತ್ತಿದ ವಾಸನೆ ಬಂತು.

ತುದಿಯಿಂದ ತಿಕ್ಕುತ್ತ ಬಂದ ಅವಳ ಕೈ ಹಿಡಿಯ ಬಳಿ ಬಂದು ನಿಂತಿತು. ಅಲ್ಲಿ ಹೆಬ್ಬೆರಳಿನ ಗೆರೆಗಳು ಕಪ್ಪಗೆ ಕೊರೆದಿದ್ದವು. ಯಾರದೆಂದು ನಾನು ಹೇಳಬೇಕಾಗಿರಲಿಲ್ಲ. ಊರಿನ ಬೆರಳನ್ನೆಲ್ಲ ಒರಸಿದವಳು ಅದನ್ನು ಒರಸಲಿಲ್ಲ. ಬರೀ ಎಣ್ಣೆಯ ಒಂದು ಹನಿ ಬಿಟ್ಟು, ಸೆರಗಿನ ಚುಂಗಿನಿಂದ ಮೆಲ್ಲಗೆ ಒತ್ತಿದಳು.

“ಹಿಡಿ,” ಎಂದಳು.

ಸೋಮಲಿಂಗ ಹಿರಿಯರ ಕಡೆ ನೋಡಲಿಲ್ಲ. ಅವ್ವನ ಕೈಯಿಂದ ನನ್ನನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಅವನ ಹೆಬ್ಬೆರಳು ಅಪ್ಪನ ಹೆಬ್ಬೆರಳಿನ ಮೇಲೆ ಕುಳಿತಿತು. ಆಮೇಲೆ ಎದ್ದ ಒಡಪು ಎಷ್ಟು ಓಣಿಗೆ ಕೇಳಿತೋ ನಾನು ಎಣಿಸಲಿಲ್ಲ. ಪುರವಂತಿಕೆ ಅವನಲ್ಲೇ ಉಳಿಯಿತು.

ಆದರೆ ಹಿರಿಯರೆಂದರೆ ಹಿರಿಯರು. ಹೆಣ್ಣುಮಗಳ ಮಡಿಲಲ್ಲಿ ಮಲಗಿದ ಖಡ್ಗ ಇನ್ನು ಸೇವೆಗೆ ಬೇಡವೆಂದರು. ದಲಾಲರು ಸ್ಟೀಲಿನದೊಂದನ್ನು ದಾನ ಕೊಟ್ಟರು. ಅದರ ಮೇಲೆ ಅವರ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಇದೆ. ನೂರು ನಿಂಬೆಹಣ್ಣು ಚುಚ್ಚಿದರೂ ಅದಕ್ಕೆ ಏನೂ ಆಗುವುದಿಲ್ಲ. ಪಾಪ, ಅದನ್ನು ಯಾರೂ ಒರಸುವುದೂ ಇಲ್ಲ.

ನಾನು ಈಗ ಹೊಲಿಗೆ ಮಷಿನ್ನಿನ ಮೇಲೆ, ಕಿಟಕಿಯ ಗಾಳಿಗೆ, ಒರೆಯಿಲ್ಲದೆ ತೂಗಿಕೊಂಡಿದ್ದೇನೆ. ಮೈತುಂಬ ಸಣ್ಣ ಗುಳಿಗಳು. ಚಡಪಡಿಕೆ ಹೋಗಿಲ್ಲ. ಮಷಿನ್ ನಿಂತು ಎರಡು ತಿಂಗಳಾಯಿತು. ಕಳೆದ ಸೋಮವಾರದವರೆಗೂ ಗೋಡೆ ಹಿಡಿದು ಬಂದು ಒರಸುತ್ತಿದ್ದ ಫಕೀರವ್ವ ಈಗ ಮಂಚ ಹಿಡಿದಿದ್ದಾಳೆ. ಈ ಸೋಮವಾರ ಬಿಸಿಲು ಕಿಟಕಿ ದಾಟಿ ಗೋಡೆಗೆ ಬಂದರೂ ಯಾರೂ ಬರಲಿಲ್ಲ. ಆಮೇಲೆ ಮೋಡ ಕವಿಯತೊಡಗಿತು, ಹಸಿಯ ವಾಸನೆ ನನಗೆ ಮನುಷ್ಯರಿಗಿಂತ ಮೊದಲೇ ತಿಳಿಯುತ್ತದೆ. ಆಗ ಸೋಮಲಿಂಗ ಬಂದ. ನನ್ನನ್ನು ಇಳಿಸಿ, ಅಪ್ಪನ ಗುರುತನ್ನು ಸುತ್ತುಬಳಸಿ, ಉಳಿದ ಕಡೆ ಒರಸಿದ. ಡಬ್ಬಿ ಬಗ್ಗಿಸಿ ಎಣ್ಣೆ ಸುರಿಯತೊಡಗಿದ.

“ಸಾಕೋ,” ಎಂದಿತು ಮಂಚದ ಮೇಲಿಂದ ಸಣ್ಣ ದನಿ. “ಒಗ್ಗರಣಿ ಹಾಕಾಕತ್ತೀಯೇನು?”

ಎಣ್ಣೆ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಹೆಚ್ಚಾಗಿತ್ತು, ನಿಜ. ಮುಂದಿನ ಸೋಮವಾರ ಕಡಿಮೆ ಹಾಕಿಯಾನು.