ಸಕ್ಕರೆಯಿಲ್ಲದ ದಿಢೀರ್ ಭೇಟಿ

ಮಕ್ಕಳ ಪಾಲನಾ ಕೇಂದ್ರಗಳ ಮೇಲೆ ಕಣ್ಣಿಡಲು ಸರ್ಕಾರ ನೇಮಿಸಿದ್ದ ಸ್ವತಂತ್ರ ತನಿಖಾಧಿಕಾರಿ ಯಾರ ಮುಲಾಜಿಗೂ ಒಳಗಾಗದ ಮನುಷ್ಯ. ಅವರದೆಲ್ಲ ದಿಢೀರ್ ಭೇಟಿಯೇ. ಆದರೆ ಸಕ್ಕರೆ ಕಾಯಿಲೆ ಕೇಳಬೇಕಲ್ಲ? ಹಿಂದಿನ ದಿನ ಫೋನ್ ಮಾಡಿ, "ನಾಳೆ ಒಂದು ಕಪ್ ಚಹಾ ಸಕ್ಕರೆ ಇಲ್ದೆ ಇರ್ಲಿ" ಎನ್ನುತ್ತಿದ್ದರು, ಅಷ್ಟೇ. ಬರುತ್ತೇನೆಂದು ಅಪ್ಪಿತಪ್ಪಿಯೂ ಬಾಯಿಬಿಡುತ್ತಿರಲಿಲ್ಲ.

ಇವತ್ತೂ ಹಾಗೆಯೇ ಬಂದರು. ಬಾಗಿಲಲ್ಲಿ ಮೇಲ್ವಿಚಾರಕಿ ಬೆಚ್ಚಿಬಿದ್ದರು. ಅವರ ಕೈಯಲ್ಲಿ ಸಕ್ಕರೆಯಿಲ್ಲದ ಚಹಾ ಆಗಲೇ ಹಬೆಯಾಡುತ್ತಿತ್ತು. ಒಳಗೆ ಮಂಚಗಳ ಮೇಲೆ ಹೊಸ ಕಂಬಳಿಗಳು ಮಡಿಕೆ ಮುರಿಯದೆ ಮಲಗಿದ್ದವು. ಅಧಿಕಾರಿಯ ಕಣ್ಣು ತಂಪಾಯಿತು.

ಹೊರಡುವಾಗ ಪುಟ್ಟ ಹುಡುಗಿಯೊಬ್ಬಳು ಅವರ ಕೋಟು ಹಿಡಿದುಕೊಂಡಳು.

"ಸಾರ್, ಇವತ್ತೊಂದಿನ ಇಲ್ಲೇ ಉಳ್ಕೊಳ್ಳಿ."

"ಯಾಕಮ್ಮ?"

"ನೀವು ಹೋದ್ಮೇಲೆ ಕಂಬಳಿನೆಲ್ಲ ಬೀರುವಲ್ಲಿಟ್ಟು ಬೀಗ ಹಾಕ್ತಾರೆ. ರಾತ್ರಿ ಚಳಿ ಆಗುತ್ತೆ ಸಾರ್."

ಮೇಲ್ವಿಚಾರಕಿಯ ಮುಖ ಬಿಳಿಚಿಕೊಂಡಿತು. ಅಧಿಕಾರಿಯ ಕರುಳು ಚುರ್ರೆಂದಿತು. ಮಗುವಿನ ತಲೆ ಸವರಿ, ಕಾರು ಹತ್ತಿ, ಆ ಮರುಕದ ಬಿಸಿ ಆರುವ ಮೊದಲೇ ವರದಿ ಬರೆದು ಮುಗಿಸಿದರು:

"ಇಲ್ಲಿನ ಮಕ್ಕಳಿಗೆ ಎಷ್ಟು ಅಕ್ಕರೆಯೆಂದರೆ, ಬಂದವರನ್ನು ಹೋಗಲು ಬಿಡುವುದಿಲ್ಲ. ಕಂಬಳಿಗಳನ್ನು ಬಹಳ ಜೋಪಾನವಾಗಿ ಇಟ್ಟಿದ್ದಾರೆ."