ಸರದಿಯ ಉಸಿರು

ಬ್ಯಾಂಡಿನವರು ಅವನಿಗೆ ತಿದಿಯಣ್ಣ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಕಮ್ಮಾರನ ತಿದಿಯಂಥ ಎದೆ ಅವನದು. ಹದಿನೆಂಟು ವರ್ಷದಿಂದ ಹಿಂದಿನ ಸಾಲಿನಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ಊದುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಇನ್ನೊಂದು ಟ್ಯೂಬಾ, ಅದನ್ನು ಊದುವವನು ಹೆಂಡತಿಯ ಅಣ್ಣ. ಈ ಕೆಲಸ ಕೊಡಿಸಿದವನೂ ಆ ಭಾವನೇ, ತಂಗಿಯನ್ನು ಕೊಟ್ಟವನೂ ಅವನೇ.

ಟ್ಯೂಬಾ ಹೊಟ್ಟೆಬಾಕ ವಾದ್ಯ. ಟ್ರಂಪೆಟ್ಟಿನದು ಸಣ್ಣ ಕೊಳವೆ. ಒತ್ತಿ ಊದಬೇಕು ನಿಜ, ಆದರೆ ಗಾಳಿ ಸ್ವಲ್ಪವೇ ಸಾಕು. ಟ್ಯೂಬಾಕ್ಕೆ ಅಷ್ಟು ಒತ್ತಡ ಬೇಡ, ಗಾಳಿಯನ್ನು ಮಾತ್ರ ಕೊಡಗಟ್ಟಲೆ ಸುರಿಯಬೇಕು. ಗಟ್ಟಿಯಾಗಿ ಊದಿದರೆ ನಾಲ್ಕೈದು ಎಣಿಸುವುದರೊಳಗೆ ಎದೆ ಬರಿದು. ಅದಕ್ಕೇ ಉದ್ದನೆಯ ಸ್ವರ ಬಂದಾಗ ಇಬ್ಬರೂ ಸರದಿಯ ಮೇಲೆ ಉಸಿರು ತೆಗೆದುಕೊಳ್ಳುತ್ತಿದ್ದರು. ಒಬ್ಬ ಎಳೆದುಕೊಳ್ಳುವಾಗ ಇನ್ನೊಬ್ಬ ಸ್ವರ ಹಿಡಿದಿರಬೇಕು.

ಹೊಸದಾಗಿ ಬಂದ ಬ್ಯಾಂಡ್ ಮಾಸ್ತರರು ಜೀವಮಾನವೆಲ್ಲ ಟ್ರಂಪೆಟ್ ಊದಿದವರು. ಬ್ಯಾಂಡ್ ಚಿಕ್ಕದಾಗಬೇಕು, ಒಂದೇ ಟ್ಯೂಬಾ ಸಾಕು ಎಂದು ಮೇಲಿನವರು ಅವರಿಗೆ ಹೇಳಿ ಕಳಿಸಿದ್ದರು. ಮಾಸ್ತರರು ಒಂದು ವಾರ ಪೆನ್ಸಿಲ್ ಹಿಡಿದು ಕೂತು, ಇಬ್ಬರಲ್ಲಿ ಯಾರು ಎಷ್ಟು ಸಲ ಉಸಿರು ತೆಗೆದುಕೊಂಡರು ಎಂದು ಗೀಟು ಹಾಕಿದರು. ಇದಕ್ಕಿಂತ ಪೆದ್ದು ಪರೀಕ್ಷೆ ಇನ್ನೊಂದಿಲ್ಲ. ಶನಿವಾರ ಅಭ್ಯಾಸದ ನಡುವೆ ಇಬ್ಬರನ್ನೂ ಕರೆದರು.

"ನಿಮ್ಮ ಭಾವ ಒಂದು ಸಲ ಉಸಿರು ತಗೊಳ್ಳೋಷ್ಟರಲ್ಲಿ ನೀವು ಮೂರು ಸಲ ತಗೋತೀರಿ. ನಿಮ್ಮ ಎದೆ ಸೋತಿದೆ. ಈ ತಿಂಗಳ ಕೊನೆಗೆ ಕೆಲಸ ಬಿಡಿ," ಎಂದರು.

"ಟ್ಯೂಬಾ ಅಂದ್ರೆ ಹಾಗೇ ಸರ್. ಬೇಕಾದ್ರೆ ಭಾವನ್ನ ಕೇಳಿ."

ಭಾವ ಕರವಸ್ತ್ರದಲ್ಲಿ ತುಟಿ ಒರೆಸಿಕೊಂಡ. "ವಯಸ್ಸಾಗ್ತಾ ಬಂತಲ್ಲ ಸರ್, ಪಾಪ," ಎಂದ. ಅವನು ತಿದಿಯಣ್ಣನಿಗಿಂತ ಆರು ವರ್ಷ ದೊಡ್ಡವನು.

ಅಭ್ಯಾಸ ಮತ್ತೆ ಶುರುವಾಗಿ ಉದ್ದನೆಯ ಸ್ವರ ಬಂದಾಗ ತಿದಿಯಣ್ಣ ಬೇಕೆಂದೇ ವಾದ್ಯದಿಂದ ತುಟಿ ತೆಗೆದ. ಪಕ್ಕದಿಂದ ಬಂದದ್ದು ಬಾಗಿಲ ಸಂದಿಯ ಗಾಳಿಯಷ್ಟು ಸದ್ದು. ಮಾಸ್ತರರಿಗೆ ಅದು ಕೇಳಿಸಲಿಲ್ಲ. ಅವರ ಕಿವಿ ಟ್ರಂಪೆಟ್ಟಿನವರನ್ನು ದಾಟಿ ಹಿಂದೆ ಬಂದದ್ದೇ ಇಲ್ಲ. ತಿದಿಯಣ್ಣನಿಗೆ ಮಾತ್ರ ಅರ್ಥವಾಯಿತು. ಮೆಲ್ಲಗೆ ಊದಿದರೆ ಗಾಳಿ ಖರ್ಚಾಗದು, ಉಸಿರೂ ಬೇಗ ಬೇಕಾಗದು. ಭಾವ ಊದಿದಂತೆ ಮಾಡುತ್ತಿದ್ದ. ಇಬ್ಬರ ಸದ್ದನ್ನೂ ಇವನೊಬ್ಬನೇ ಹೊತ್ತಿದ್ದ. ಉಸಿರೆಳೆಯುವ ಕ್ಷಣದಲ್ಲೂ ತನ್ನ ಸದ್ದೇ ಕಿವಿ ತುಂಬಿದ್ದರಿಂದ ಇವನಿಗೆ ಗೊತ್ತಾಗಿರಲಿಲ್ಲ, ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವವನು ಬೇರೆ.

ಮನೆಗೆ ಬಂದವನೇ ಹೆಂಡತಿಗೆ ಎಲ್ಲ ಹೇಳಿದ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

"ನಿಂಗೆ ಗೊತ್ತಿತ್ತಾ?"

"ಅಣ್ಣನ ಎದೆ ಕೆಟ್ಟು ಆರು ತಿಂಗಳಾಯ್ತು ರೀ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಇನ್ನೆರಡು ವರ್ಷ ತಳ್ಳಿದ್ರೆ ನಿವೃತ್ತಿ. ಚಿಕ್ಕ ಬ್ಯಾಂಡಲ್ಲಿ ಮೆಲ್ಲಗೆ ಊದಿದ್ರೂ ನಡೆಯುತ್ತಂತೆ. ನೀವಾದ್ರೆ ಎಲ್ಲಿ ಬೇಕಾದ್ರೂ ಊದಿ ಬದುಕ್ತೀರಿ."

ಎತ್ತಿಗೆ ಜ್ವರ, ಎಮ್ಮೆಗೆ ಬರೆ. "ನನ್ನ ಒಂದು ಮಾತು ಕೇಳಿದ್ರೆ ನಾನೇ ಎದ್ದು ಬರ್ತಿದ್ದೆ," ಎಂದ.

"ಗೊತ್ತು. ಅಣ್ಣನಿಗೂ ಅದನ್ನೇ ಹೇಳ್ದೆ. ಕೇಳಿದ್ರೆ ಸಾಯೋವರೆಗೂ ನಿಮ್ಮ ಹಂಗಿನಲ್ಲಿ ಇರ್ಬೇಕಾಗುತ್ತೆ ಅಂದ. ನಂಗೂ ಸರಿ ಅನ್ನಿಸ್ತು."

ಆರು ತಿಂಗಳಿಂದ ತಾನು ಸುಸ್ತಾಗಿ ಬಂದಾಗಲೆಲ್ಲ ಇವಳೇ ಬೆನ್ನಿಗೆ ಎಣ್ಣೆ ತಿಕ್ಕಿ, ನಿಮಗೆ ನಿದ್ದೆ ಸಾಲದು ಎಂದಿದ್ದಳು. ಭಾವನನ್ನು ಬಯ್ಯಲು ದಾರಿಯುದ್ದಕ್ಕೂ ಬೇಕಾದಷ್ಟು ಮಾತು ಕೂಡಿಸಿಟ್ಟುಕೊಂಡು ಬಂದಿದ್ದ. ಇವಳಿಗೆ ಅನ್ನಲು ಅವನಿಗೆ ಒಂದೂ ಸಿಗಲಿಲ್ಲ.